ಆ್ಯಂಕರ್ ಕಿವಿಯಲ್ಲಿ ಇನ್ನೊಬ್ಬರಿದ್ದಾರೆ

ಹುಬ್ಬಳ್ಳಿಯ ಉಣಕಲ್ ಕೆರೆಯ ಸುತ್ತ ಸಂಜೆ ಅಡ್ಡಾಡಿ ಬಂದವರು ಗಿರಮಿಟ್ಟು, ಮಿರ್ಚಿ ಅಂತ ನಿಲ್ಲುವ ಒಂದು ಅಂಗಡಿಯಿದೆ. ಗೋಡೆಗೆ ಒಂದು ಟಿವಿ, ಅದರಲ್ಲಿ ಸದಾ ಸುದ್ದಿ. ಬಾಣಲೆಯ ಸದ್ದಿಗೆ ಟಿವಿಯ ದನಿ ಕೇಳಿಸುವುದಿಲ್ಲ. ಆದರೂ ಆ್ಯಂಕರ್ ಒದರುತ್ತಿದ್ದಾನೆ ಅನ್ನುವುದು ಅವನ ಕುತ್ತಿಗೆಯ ನರ ನೋಡಿದರೆ ತಿಳಿಯುತ್ತದೆ. ಅಲ್ಲಿ ನಿಂತು ಚಹಾ ಕುಡಿಯುವವರಲ್ಲಿ ಅರ್ಧ ಮಂದಿ ಅವನ ಭಕ್ತರು, ಉಳಿದರ್ಧ ಅವನನ್ನು ಬೈಯುವವರು. ಅವನ ಕೆಲಸ ಎಂಥದ್ದು ಅನ್ನುವ ವಿಷಯದಲ್ಲಿ ಮಾತ್ರ ಎರಡೂ ಗುಂಪಿನದು ಒಂದೇ ನಂಬಿಕೆ, ಮತ್ತು ಆ ನಂಬಿಕೆ ಬಹಳ ಮಟ್ಟಿಗೆ ತಪ್ಪು. ಅಲ್ಲಿ ಪದೇ ಪದೇ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: "ಟಿವ್ಯಾಗ ಹಗಲೂ ರಾತ್ರಿ ತೋರ್ಸಿದ್ರಂತನ ಅವ್ರು ಸಿಕ್ರು ನೋಡ್ರಿ."

ವಾಸ್ತವ: ಈ ಮಾತು ಉಣಕಲ್‌ನವರದೇ. 2022ರ ಜುಲೈ 5ರ ಮಧ್ಯಾಹ್ನ ಇಲ್ಲಿನ ಹೋಟೆಲೊಂದರ ರಿಸೆಪ್ಷನ್‌ನಲ್ಲಿ 'ಸರಳ ವಾಸ್ತು' ಚಂದ್ರಶೇಖರ ಗುರೂಜಿಯ ಹತ್ಯೆಯಾಯಿತು. ಭಕ್ತರಂತೆ ಬಂದು ಕಾಲಿಗೆರಗಿದವರು ಚಾಕು ಹಾಕಿದ ದೃಶ್ಯ ಸಿಸಿ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಅದು ಚಾನೆಲ್‌ಗಳಿಗೆ ಬಂತು. ಕೆಲವರು ಮಸುಕು ಮಾಡಿ ತೋರಿಸಿದರು, ಕೆಲವರು ಸುತ್ತಲೂ ಕೆಂಪು ವೃತ್ತ ಎಳೆದು ತೋರಿಸಿದರು. ನಮ್ಮ ಮನೆಯಲ್ಲಿ ಸಣ್ಣ ಹುಡುಗರಿದ್ದಾರೆ, ಟಿವಿ ಬಂದ್ ಮಾಡಿದೆ. ಆಚೆ ಮನೆಯ ಟಿವಿಯಿಂದ ಅದೇ ಆ್ಯಂಕರ್ ದನಿ ಕಿಟಕಿಯೊಳಗಿಂದ ಬರುತ್ತಲೇ ಇತ್ತು.

ಆರೋಪಿಗಳು ಸಿಕ್ಕಿದ್ದು ಅದೇ ದಿನ, ಬೆಳಗಾವಿ ಜಿಲ್ಲೆಯ ರಾಮದುರ್ಗದ ಹತ್ತಿರ. ಹಿಡಿದವರು ಪೊಲೀಸರು. ಅವರು ಬೆನ್ನು ಹತ್ತಿ ಹೋಗುತ್ತಿದ್ದ ಹೊತ್ತಿನಲ್ಲಿ ಸ್ಟುಡಿಯೊಗಳಲ್ಲಿ ನಡೆದಿದ್ದು ಹತ್ಯೆಯ ಕಾರಣ ಏನಿರಬಹುದು ಅನ್ನುವ ಊಹೆ. ಬೆಂಗಳೂರಿನ ಆ್ಯಂಕರ್ ಕೇಳುತ್ತಾನೆ, ಹುಬ್ಬಳ್ಳಿಯ ವರದಿಗಾರ ಫೋನಿನಲ್ಲಿ ಹೇಳುತ್ತಾನೆ, ಗೊತ್ತಿರುವುದು ಎರಡೇ ವಾಕ್ಯವಾದರೂ ಅದನ್ನೇ ಇಪ್ಪತ್ತು ನಿಮಿಷ ತಿರುವಿ ಹಾಕಬೇಕು. ದಂಧೆಯಲ್ಲಿ ಇದಕ್ಕೆ 'ಫೋನೋ' ಅನ್ನುತ್ತಾರೆ. ತನಿಖೆಗೆ ಇದರಿಂದ ನೆರವಾಗುವುದು ಅಪರೂಪ. ಪೊಲೀಸರು ಯಾವ ದಾರಿ ಹಿಡಿದಿದ್ದಾರೆ ಅನ್ನುವುದು ಬಾಯಿತಪ್ಪಿ ಹೊರಬಿದ್ದರೆ ಕೆಡುಕೇ ಹೆಚ್ಚು.

ಇನ್ನೊಂದು ಮಾತು. ಗುರೂಜಿ ನಮಗೆ ಪರಿಚಯವಾಗಿದ್ದೂ ಟಿವಿಯಿಂದಲೇ. ಬಾಗಿಲು ಯಾವ ದಿಕ್ಕಿಗಿರಬೇಕು, ಅಡಿಗೆಮನೆ ಎಲ್ಲಿರಬೇಕು ಅಂತ ಬೆಳಗಿನ ಹೊತ್ತು ಹೇಳುತ್ತಿದ್ದ ಅಂಥ ಕಾರ್ಯಕ್ರಮಗಳಿಗೂ ಸುದ್ದಿಮನೆಗೂ ಸಂಬಂಧವಿರುವುದಿಲ್ಲ. ಅವು ಸಾಮಾನ್ಯವಾಗಿ ದುಡ್ಡು ಕೊಟ್ಟು ಕೊಂಡ ಹೊತ್ತು. ಪತ್ರಿಕೆಯಲ್ಲಿ ಜಾಹೀರಾತಿಗೆ ಗೆರೆ ಹಾಕಿ ಬೇರೆ ಮಾಡುತ್ತಾರೆ, ಟಿವಿಯಲ್ಲಿ ಆ ಗೆರೆ ಬಹಳ ತೆಳ್ಳಗೆ.

ಹತ್ಯೆಯ ದೃಶ್ಯದ ಮಾತಿಗೆ ಮರಳಿದರೆ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ಜನವರಿ 9ರಂದು ಎಲ್ಲ ಚಾನೆಲ್‌ಗಳಿಗೂ ಒಂದು ಸಲಹೆ ಕಳಿಸಿತು: ರಕ್ತ, ಹೆಣ, ಹೊಡೆದಾಟದ ದೃಶ್ಯಗಳನ್ನು ಹತ್ತಿರದಿಂದ, ಮಸುಕು ಮಾಡದೆ ತೋರಿಸಬೇಡಿ ಎಂದು. ಅಂಥ ದೃಶ್ಯಗಳಿಗೆ ಕಡಿವಾಣ ಹಾಕುವ ಕಾರ್ಯಕ್ರಮ ಸಂಹಿತೆ 1994ರ ಕೇಬಲ್ ಟಿವಿ ನಿಯಮಗಳಲ್ಲೇ ಇತ್ತು.

ತಪ್ಪು ಕಲ್ಪನೆ: "ಅಂವ ಒದರೂದೆಲ್ಲಾ ಅಂವನ ತಲ್ಯಾಂದ."

ವಾಸ್ತವ: ಆ್ಯಂಕರ್ ಕಿವಿಯಲ್ಲಿ ಒಂದು ಸಣ್ಣ ಗುಂಡಿಯಂಥದ್ದು ಕಾಣುತ್ತದಲ್ಲ, ಅದರ ಇನ್ನೊಂದು ತುದಿ ಪಿಸಿಆರ್ ಅನ್ನುವ ಕೋಣೆಯಲ್ಲಿದೆ. ಅಲ್ಲಿ ಸಾಲು ಸಾಲು ಪರದೆಗಳ ಮುಂದೆ ಪ್ರೊಡ್ಯೂಸರ್ ಕೂತಿರುತ್ತಾನೆ. "ಬಲಗಡೆಯವರಿಗೆ ಕೇಳಿ," "ಇವರನ್ನು ಮುಗಿಸಿ, ಬ್ರೇಕ್ ಬಂತು," "ಎದುರಿನ ಚಾನೆಲ್‌ನಲ್ಲಿ ಬೈಟ್ ಬಂತು, ನಾವೂ ಹೋಗೋಣ" ಎಂದು ಅವನು ಹೇಳುತ್ತಲೇ ಇರುತ್ತಾನೆ. ನಾಲ್ಕು ಮಂದಿ ಅತಿಥಿಗಳು ಒಟ್ಟಿಗೆ ಕೂಗಾಡುವಾಗ ಆ್ಯಂಕರ್‌ಗೆ ಐದನೆಯ ದನಿ ಕಿವಿಯೊಳಗೆ ಕೇಳುತ್ತಿರುತ್ತದೆ. ಬುಲೆಟಿನ್ ಓದುವಾಗ ಎದುರಿಗೆ ಟೆಲಿಪ್ರಾಂಪ್ಟರ್. ಆ ಸಾಲುಗಳನ್ನು ಬರೆದವರು ಡೆಸ್ಕಿನವರು. ಯಾವ ಸುದ್ದಿ ಮೊದಲು, ಯಾವುದು ಆಮೇಲೆ ಅನ್ನುವ ರನ್‌ಡೌನ್ ಇನ್ಯಾರದೋ. ಕೆಳಗೆ ಹೊಡೆಯುವ ದಪ್ಪಕ್ಷರದ ಪ್ಲೇಟು ಮತ್ತೂ ಬೇರೆಯವರದು. ಆ ಪ್ಲೇಟಿನಲ್ಲೇ ಅರ್ಧ ತೀರ್ಪು ಬರೆದಾಗಿರುತ್ತದೆ.

2024ರ ಮೇ ತಿಂಗಳಲ್ಲಿ ನಡೆದದ್ದು ನೆನಪಿರಬೇಕು. ಜನಸಂಖ್ಯೆಯಲ್ಲಿ ಯಾವ ಧರ್ಮದವರ ಪಾಲು ಎಷ್ಟು ಎನ್ನುವ ವರದಿಯ ಮೇಲೆ ಸುವರ್ಣ ನ್ಯೂಸ್‌ನಲ್ಲಿ ಚರ್ಚೆ. ತೋರಿಸಿದ ಗ್ರಾಫಿಕ್ಸ್‌ನಲ್ಲಿ ಹಿಂದೂಗಳಿಗೆ ಭಾರತದ ಬಾವುಟ, ಮುಸ್ಲಿಮರಿಗೆ ಪಾಕಿಸ್ತಾನದ ಬಾವುಟ. ಬೆಂಗಳೂರಿನಲ್ಲಿ ಎಫ್‌ಐಆರ್ ಆಯಿತು, ಚಾನೆಲ್ ಜೊತೆಗೆ ಆ್ಯಂಕರ್ ಅಜಿತ್ ಹನಮಕ್ಕನವರ್ ಹೆಸರೂ ಅದರಲ್ಲಿ ಸೇರಿತು. ಜನ ಬೈದಿದ್ದು ಹೆಚ್ಚಾಗಿ ಅವರನ್ನೇ. ಯಾವ ಚಾನೆಲ್‌ನಲ್ಲೂ ಬಾವುಟದ ಚಿತ್ರವನ್ನು ಆ್ಯಂಕರ್ ಕೂತು ಬಿಡಿಸುವುದಿಲ್ಲ. ಅದನ್ನು ಮಾಡುವುದು ಗ್ರಾಫಿಕ್ಸ್ ವಿಭಾಗ, ಒಪ್ಪುವುದು ಪ್ರೊಡ್ಯೂಸರ್. ಕಣ್ಣಾಡಿಸಿ ತಡೆಯಬೇಕಾದವರು ಕನಿಷ್ಠ ಮೂರು ಮಂದಿ ಇರುತ್ತಾರೆ.

ಹಾಗಂತ ಆ್ಯಂಕರ್ ಬಡಪಾಯಿ ಎಂದು ನಾನು ಹೇಳಲಾರೆ. ಬುಲೆಟಿನ್ ಬೇರೆ, ಡಿಬೇಟ್ ಬೇರೆ. ಡಿಬೇಟಿನಲ್ಲಿ ಪ್ರಾಂಪ್ಟರ್ ಇರುವುದಿಲ್ಲ. ಯಾರಿಗೆ ಎಷ್ಟು ಹೊತ್ತು ಕೊಡಬೇಕು, ಯಾರ ಮಾತನ್ನು ನಡುವೆ ಕತ್ತರಿಸಬೇಕು, ಯಾವ ಶಬ್ದ ಬಳಸಬೇಕು ಅನ್ನುವುದು ಅವನ ಕೈಯಲ್ಲೇ ಇದೆ. 2018ರ ಕೊನೆಯಲ್ಲಿ ಇದೇ ಹನಮಕ್ಕನವರ್ ಚರ್ಚೆಯೊಂದರಲ್ಲಿ ಪ್ರವಾದಿ ಮಹಮ್ಮದರ ಬಗ್ಗೆ ಆಡಿದ ಮಾತು ಪ್ರತಿಭಟನೆಗೂ ಪೊಲೀಸ್ ದೂರಿಗೂ ಕಾರಣವಾಯಿತು. ಅದು ಗ್ರಾಫಿಕ್ಸಿನದ್ದಲ್ಲ, ಬಾಯಿಯದ್ದೇ. ದ್ವೇಷ ಭಾಷಣದ ಪ್ರಕರಣಗಳನ್ನು ಕೇಳುತ್ತಿದ್ದ ಸುಪ್ರೀಂ ಕೋರ್ಟ್ ಪೀಠ (ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ) 2023ರ ಜನವರಿಯಲ್ಲಿ ಬೊಟ್ಟು ಮಾಡಿದ್ದು ಇಲ್ಲಿಗೇ: ಆ್ಯಂಕರೇ ಸಮಸ್ಯೆಯಾಗಿದ್ದರೆ ಅವರನ್ನು ಪರದೆಯಿಂದ ಇಳಿಸಿದ ಉದಾಹರಣೆ ಎಷ್ಟಿದೆ ಎನ್ನುವ ಅರ್ಥದ ಪ್ರಶ್ನೆ.

ತಪ್ಪು ಕಲ್ಪನೆ: "ಮಾರಿ ಚೊಲೋ ಇದ್ದು, ದನಿ ದೊಡ್ಡದಿದ್ರ ಆತು. ಆ್ಯಂಕರ್ ಆಗಾಕ ಮತ್ತೇನ್ ಬೇಕು?"

ವಾಸ್ತವ: ಕನ್ನಡದಲ್ಲಿ 'ನಿರೂಪಕ' ಅನ್ನುವ ಒಂದೇ ಶಬ್ದ ಎರಡು ಕಸುಬಿಗೆ ಓಡಾಡುತ್ತದೆ. 2024ರ ಜುಲೈಯಲ್ಲಿ ತೀರಿಕೊಂಡ ಅಪರ್ಣಾ ವಸ್ತಾರೆ ಕೂಡ ನಿರೂಪಕಿಯೇ. ಚಂದನದಲ್ಲೂ ಸಭೆಗಳಲ್ಲೂ ಬೆಂಗಳೂರು ಮೆಟ್ರೋದ ಪ್ರಕಟಣೆಯಲ್ಲೂ ಕೇಳಿದ ಆ ಉಚ್ಚಾರವನ್ನು ಇಂದಿನ ಡಿಬೇಟ್ ಕಸುಬಿನ ಪಕ್ಕ ಇಟ್ಟು ನೋಡುವುದೇ ಅನ್ಯಾಯ. ಸುದ್ದಿ ಆ್ಯಂಕರ್‌ಗಳಲ್ಲಿ ಹೆಸರು ಮಾಡಿದವರು ಬಹುತೇಕ ಪತ್ರಿಕೆಯಿಂದಲೋ ವರದಿಗಾರಿಕೆಯಿಂದಲೋ ಬಂದವರು. ಎಚ್.ಆರ್. ರಂಗನಾಥ್ 'ಕನ್ನಡಪ್ರಭ'ದ ಸಂಪಾದಕರಾಗಿದ್ದವರು, ಸುವರ್ಣ ನ್ಯೂಸ್ ನಡೆಸಿದವರು. 2012ರ ಫೆಬ್ರುವರಿಯಲ್ಲಿ ಪಬ್ಲಿಕ್ ಟಿವಿ ಶುರುಮಾಡಿ ರಾತ್ರಿಯ 'ಬಿಗ್ ಬುಲೆಟಿನ್'ಗೆ ತಾವೇ ಕೂತರು. ಹನಮಕ್ಕನವರ್ 2012ರ ಜೂನ್‌ನಲ್ಲಿ ಬಿಡದಿಯ ನಿತ್ಯಾನಂದ ಆಶ್ರಮದ ಪತ್ರಿಕಾಗೋಷ್ಠಿಯಲ್ಲಿ ಇಕ್ಕಟ್ಟಿನ ಪ್ರಶ್ನೆ ಕೇಳಿ ಗದ್ದಲಕ್ಕೆ ಸಿಕ್ಕಾಗ ಆ್ಯಂಕರ್ ಆಗಿರಲಿಲ್ಲ, ವರದಿಗಾರ. ಆ ಒಂದು ಪ್ರಶ್ನೆಗೆ ಇದ್ದ ತೂಕ ಇವತ್ತಿನ ಒಂದು ಗಂಟೆಯ ಡಿಬೇಟಿಗೆ ಇದೆಯೇ ಅಂತ ಕೇಳಿದರೆ ನನ್ನ ಉತ್ತರ, ಇಲ್ಲ.

ಇಲ್ಲಿಯೇ ಹೇಳಿಬಿಡಬೇಕಾದ್ದು: ಆ್ಯಂಕರ್ ಎಲ್ಲರೂ ಸಂಬಳದವರಲ್ಲ. ರಂಗನಾಥ್ ತಮ್ಮ ಚಾನೆಲ್ ತಾವೇ ಕಟ್ಟಿದವರು, ಪವರ್ ಟಿವಿಯ ರಾಕೇಶ್ ಶೆಟ್ಟಿ ಚಾನೆಲ್‌ನ ಮುಖ್ಯಸ್ಥರೂ ಹೌದು, ಪರದೆಯ ಮುಖವೂ ಹೌದು. ದೆಹಲಿ–ಮುಂಬೈ ಕಡೆಗೆ ಅರ್ನಬ್ ಗೋಸ್ವಾಮಿ ಹಾಗೆಯೇ. ಅಂಥವರ ಕಿವಿಯಲ್ಲಿ ಮಾತಾಡುವ ಪ್ರೊಡ್ಯೂಸರ್ ಅವರ ಕೈಕೆಳಗಿನ ನೌಕರ. ತಡೆಯುವವರು ಯಾರು?

ತಪ್ಪು ಕಲ್ಪನೆ: "ನಾವು ನೋಡ್ತೀವಿ, ಅದಕ್ಕ ಟಿಆರ್‌ಪಿ ಬರ್ತದ."

ವಾಸ್ತವ: ನೀವು ನೋಡಿದ್ದು ಯಾರಿಗೂ ಗೊತ್ತಿಲ್ಲ. ಎಣಿಕೆ ಮಾಡುವ ಬಾರ್ಕ್ ಸಂಸ್ಥೆಯ ಮೀಟರುಗಳಿರುವುದು ಇಡೀ ದೇಶದಲ್ಲಿ ಸುಮಾರು ಐವತ್ತು–ಅರವತ್ತು ಸಾವಿರ ಮನೆಗಳಲ್ಲಿ. ಟಿವಿ ಇರುವ ಮನೆಗಳು 20 ಕೋಟಿಗೂ ಮೇಲೆ. ಯಾವ ಮನೆಯಲ್ಲಿ ಮೀಟರಿದೆ ಅನ್ನುವುದು ಗುಟ್ಟಾಗಿರಬೇಕು. ಆ ಗುಟ್ಟು ಒಡೆದು ಮೀಟರಿದ್ದ ಮನೆಗಳಿಗೆ ದುಡ್ಡು ಕೊಟ್ಟಿದ್ದಾರೆ ಎಂಬ ಆರೋಪ 2020ರಲ್ಲಿ ಮುಂಬೈಯಲ್ಲಿ ಎದ್ದಾಗ, ಅಕ್ಟೋಬರ್‌ನಿಂದ ಸುದ್ದಿ ಚಾನೆಲ್‌ಗಳ ರೇಟಿಂಗನ್ನೇ ನಿಲ್ಲಿಸಿದರು. ಅದು ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ, ಅದೂ ನಾಲ್ಕು ವಾರದ ಸರಾಸರಿಯಾಗಿ. ಅಂದರೆ ಸುಮಾರು ಹದಿನೇಳು ತಿಂಗಳು ಯಾವ ಆ್ಯಂಕರ್‌ಗೂ ಟಿಆರ್‌ಪಿ ಇರಲಿಲ್ಲ. ಆ ಅವಧಿಯಲ್ಲಿ ಒದರಾಟ ಕಮ್ಮಿಯಾಗಿತ್ತೇ? ನನಗಂತೂ ಹಾಗನ್ನಿಸಲಿಲ್ಲ. ಟಿಆರ್‌ಪಿಯೊಂದೇ ಕಾರಣ ಅನ್ನುವ ವಾದ ನನಗೆ ಅಂದಿನಿಂದ ಸಪ್ಪೆಯಾಗಿದೆ. ರೂಢಿಯೂ ಒಂದು ಕಾರಣ, ಖರ್ಚು ಇನ್ನೊಂದು. ಊರೂರಿಗೆ ವರದಿಗಾರರನ್ನು ಕಳಿಸಿ ಸುದ್ದಿ ತರುವುದಕ್ಕಿಂತ ಸ್ಟುಡಿಯೊದಲ್ಲಿ ನಾಲ್ಕು ಮಂದಿಯನ್ನು ಕೂರಿಸಿ ಜಗಳ ಹಚ್ಚುವುದು ಬಹಳ ಅಗ್ಗ.

ತಪ್ಪು ಕಲ್ಪನೆ: "ಎಫ್‌ಐಆರ್ ಆಗೇತಿ ಅಂದಮ್ಯಾಲ ತಪ್ಪ್ ಮಾಡ್ಯಾನಂತನ ಅರ್ಥ."

ವಾಸ್ತವ: ಎಫ್‌ಐಆರ್ ಅಂದರೆ ತನಿಖೆಯ ಮೊದಲ ಕಾಗದ, ಅಷ್ಟೇ. ಕರ್ನಾಟಕದ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಡುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಆಜ್ ತಕ್‌ನ ಸುಧೀರ್ ಚೌಧರಿ ರಾಜ್ಯದ 'ಸ್ವಾವಲಂಬಿ ಸಾರಥಿ' ವಾಹನ ಸಬ್ಸಿಡಿ ಯೋಜನೆ ಅಲ್ಪಸಂಖ್ಯಾತರಿಗೆ ಮಾತ್ರ ಎನ್ನುವ ಧಾಟಿಯಲ್ಲಿ ಕಾರ್ಯಕ್ರಮ ಮಾಡಿದರೆಂದು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅಧಿಕಾರಿ ಬೆಂಗಳೂರಿನಲ್ಲಿ ದೂರು ಕೊಟ್ಟರು. ತನಿಖೆ ನಡೆಸುವಷ್ಟು ವಿಷಯ ಮೇಲ್ನೋಟಕ್ಕೆ ಇದೆ, ಆದರೆ ಬಲವಂತದ ಕ್ರಮ ಬೇಡ ಎಂದಿತು ಹೈಕೋರ್ಟ್. 2024ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯ ವಾಹನಗಳ ಸಾಲಿಗಾಗಿ ಬೆಂಗಳೂರಿನಲ್ಲಿ ಆಂಬುಲೆನ್ಸ್ ನಿಲ್ಲಿಸಿದರು ಎಂದು ರಿಪಬ್ಲಿಕ್‌ನ ಕನ್ನಡ ಚಾನೆಲ್ ಹೇಳಿತು. ಸಿದ್ದರಾಮಯ್ಯ ಆ ದಿನ ಮೈಸೂರಿನಲ್ಲಿದ್ದರು. ಸುದ್ದಿ ತಪ್ಪು. ಎಫ್‌ಐಆರ್ ಅರ್ನಬ್ ಗೋಸ್ವಾಮಿ ಮೇಲೂ ಆಯಿತು, ಅದರ ತನಿಖೆಗೆ ಹೈಕೋರ್ಟ್ ತಡೆ ಕೊಟ್ಟಿತು. ಸುದ್ದಿ ತಪ್ಪಾಗಿರುವುದು ಒಂದು, ಅದು ಅಪರಾಧವಾಗುವುದು ಇನ್ನೊಂದು. ಚಹಾದಂಗಡಿಯಲ್ಲಿ ಈ ಭೇದ ಹೇಳಹೊರಟರೆ ಎರಡೂ ಕಡೆಯವರು ನನ್ನ ಮೇಲೇ ಬರುತ್ತಾರೆ.

ತಪ್ಪು ಕಲ್ಪನೆ: "ಒಮ್ಮೆ ಚಾನೆಲ್ ಬಂದ್ ಮಾಡಿಸಿದ್ರ ಎಲ್ಲಾ ನೆಟ್ಟಗಾಗ್ತಾರ."

ವಾಸ್ತವ: ಪವರ್ ಟಿವಿಯದು ನೋಡಿ. 2020ರ ಸೆಪ್ಟೆಂಬರ್‌ನಲ್ಲಿ, ಆಗಿನ ಮುಖ್ಯಮಂತ್ರಿಯ ಕುಟುಂಬದ ಮೇಲೆ ಆರೋಪಗಳನ್ನು ಬಿತ್ತರಿಸುತ್ತಿದ್ದ ಹೊತ್ತಿನಲ್ಲಿ ಪೊಲೀಸರ ಶೋಧ ನಡೆದು ಪ್ರಸಾರ ನಿಂತಿತು. ಆಗ ಬಿಜೆಪಿ ಸರ್ಕಾರ. 2024ರ ಜೂನ್‌ನಲ್ಲಿ ಪರವಾನಗಿ ನವೀಕರಣವಾಗಿಲ್ಲ ಎಂಬ ಕಾರಣಕ್ಕೆ ಹೈಕೋರ್ಟ್ ಪ್ರಸಾರ ತಡೆಯಿತು. ಆಗ ಕಾಂಗ್ರೆಸ್ ಸರ್ಕಾರ. ಜುಲೈ 12ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟು, ಇದರಲ್ಲಿ ರಾಜಕೀಯ ಸೇಡಿನ ವಾಸನೆ ಬರುತ್ತಿದೆ ಎನ್ನುವ ಅರ್ಥದ ಮಾತಾಡಿತು. ಚಾನೆಲ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಬೀಗದ ಕೈ ಒಮ್ಮೆ ಸರ್ಕಾರದ ಕೈಗೆ ಹೋದರೆ ಮೊದಲು ಬಂದ್ ಆಗುವುದು ಕೆಟ್ಟ ಚಾನೆಲ್ ಅಲ್ಲ, ಕಿರಿಕಿರಿ ಮಾಡುವ ಚಾನೆಲ್.

ಬಹಿಷ್ಕಾರವೂ ಇಷ್ಟೇ. 2023ರ ಸೆಪ್ಟೆಂಬರ್‌ನಲ್ಲಿ 'ಇಂಡಿಯಾ' ಕೂಟ 14 ಆ್ಯಂಕರ್‌ಗಳ ಕಾರ್ಯಕ್ರಮಕ್ಕೆ ಹೋಗುವುದಿಲ್ಲವೆಂದು ಪಟ್ಟಿ ಹೊರಡಿಸಿತು. ಕನ್ನಡದ ಸುದ್ದಿ ಚಾನೆಲ್‌ನ ಒಬ್ಬ ಆ್ಯಂಕರ್ ಹೆಸರೂ ಅದರಲ್ಲಿ ಇರಲಿಲ್ಲ. ಯಾಕೆಂಬುದನ್ನು ಕೂಟದವರೇ ಹೇಳಬೇಕು.

ತಪ್ಪು ಕಲ್ಪನೆ: "ಪ್ರೆಸ್ ಕೌನ್ಸಿಲ್‌ಗೆ ಬರದ್ರ ಏನಾರ ಆದೀತು. ಇಲ್ಲಂದ್ರ ಇವ್ರನ್ನ ಕೇಳಾವ್ರ ಇಲ್ಲ."

ವಾಸ್ತವ: ಎರಡೂ ತಪ್ಪು. 1978ರ ಕಾಯ್ದೆಯಡಿ ಪ್ರೆಸ್ ಕೌನ್ಸಿಲ್‌ನ ವ್ಯಾಪ್ತಿ ಪತ್ರಿಕೆ ಮತ್ತು ಸುದ್ದಿ ಸಂಸ್ಥೆಗಳಿಗೆ ಮಾತ್ರ, ಟಿವಿಗಿಲ್ಲ. ಆದರೆ ಕೇಳುವವರು ಇದ್ದಾರೆ, ಕೇಳಿದ್ದೂ ಉಂಟು, ಅದೂ ಕನ್ನಡ ಚಾನೆಲ್‌ಗಳನ್ನೇ. 2020ರಲ್ಲಿ ಕೊರೊನಾ ಶುರುವಾದಾಗ ತಬ್ಲೀಗಿ ಜಮಾತ್ ಬಗ್ಗೆ ಬಂದ ಕಾರ್ಯಕ್ರಮಗಳ ಮೇಲೆ ಬೆಂಗಳೂರಿನ ಒಂದು ನಾಗರಿಕ ಗುಂಪು ಸುದ್ದಿ ಪ್ರಸಾರಕರ ಸ್ವಯಂ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. 2021ರ ಜೂನ್‌ನಲ್ಲಿ ಆದೇಶ ಬಂತು: ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ ದಂಡ, ಸುವರ್ಣ ನ್ಯೂಸ್‌ಗೆ 50 ಸಾವಿರ. ನ್ಯೂಸ್18 ಕನ್ನಡ ಪರದೆಯ ಮೇಲೆ ಕ್ಷಮೆಯನ್ನೂ ಕೇಳಬೇಕಾಯಿತು. ದಂಡ ಚಾನೆಲ್‌ಗೆ ಬಿದ್ದದ್ದು, ಆ್ಯಂಕರ್‌ಗೆ ಅಲ್ಲ; ಪ್ರಾಧಿಕಾರದ ಅಧಿಕಾರ ಇರುವುದೇ ಪ್ರಸಾರಕರ ಮೇಲೆ.

ದಂಡ ಸಾಕೇ? ಸಾಲದು. ಹೆಚ್ಚೆಂದರೆ 1 ಲಕ್ಷ ಅನ್ನುವ ಮಿತಿ ಚಾನೆಲ್‌ಗಳನ್ನು ಹೆದರಿಸುವಂಥದ್ದಲ್ಲ, ಅವು ಗಳಿಸುವ ಲಾಭಕ್ಕೆ ತಕ್ಕಂತೆ ಇರಬೇಕು ಎಂದು ಸುಪ್ರೀಂ ಕೋರ್ಟೇ 2023ರ ಆಗಸ್ಟ್‌ನಲ್ಲಿ ಹೇಳಿದೆ. ಇನ್ನೊಂದು ತೊಡಕು: ಎಲ್ಲ ಚಾನೆಲ್‌ಗಳೂ ಒಂದೇ ಸಂಘದಲ್ಲಿಲ್ಲ. ಒಂದು ಬಿಟ್ಟು ಎರಡು ಸಂಘ, ಎರಡಕ್ಕೂ ಬೇರೆ ಬೇರೆ ಪ್ರಾಧಿಕಾರ. ಆದರೂ ಹತ್ಯೆಯ ದೃಶ್ಯ ನೂರು ಸಲ ತೋರಿಸಿದಾಗ ಕೆರೆದಂಡೆಯಲ್ಲಿ ನಿಂತು ಬೈದದ್ದಕ್ಕಿಂತ ಒಂದು ಹಾಳೆಯ ದೂರಿಗೆ ಹೆಚ್ಚು ತೂಕವಿತ್ತು. ಉಣಕಲ್‌ನಿಂದ ಅಂಥ ಒಂದು ದೂರಾದರೂ ಹೋಗಿತ್ತೇ ಅಂತ ಕೇಳಬೇಡಿ, ನಾನೂ ಬರೆದಿರಲಿಲ್ಲ.

2024ರ ಏಪ್ರಿಲ್ 18ರಂದು, ಇಲ್ಲಿಂದ ಕೂಗಳತೆಯಲ್ಲಿರುವ ವಿದ್ಯಾನಗರದ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದಾಗಲೂ ಟಿವಿಗಳಲ್ಲಿ ಇದೇ ಊಹೆಯಾಟ ಮರುಕಳಿಸಿತು. ಮೇ 7ಕ್ಕೆ ನಮ್ಮಲ್ಲಿ ಮತದಾನವಿತ್ತು. ಸಿಐಡಿ ತನಿಖೆಗೆ ಇಳಿಯುವ ಮೊದಲೇ ಕೊಲೆಯ ಉದ್ದೇಶ ಏನೆಂದು ಪ್ಲೇಟುಗಳಲ್ಲಿ ಬಂದಾಗಿತ್ತು. ಅಂಗಡಿಯ ಟಿವಿಯ ಮುಂದೆ ಅವತ್ತು ಎರಡು ಗುಂಪು ಎದುರುಬದುರು ನಿಂತದ್ದು ನೋಡಿದ ಮೇಲೆ ಮಾಲೀಕರು ವಾರಗಟ್ಟಲೆ ಹಳೆಯ ಸಿನಿಮಾ ಹಾಡು ಹಾಕಿದರು. ವ್ಯಾಪಾರ ಕೆಡಲಿಲ್ಲ.

ದೂರು ಕೊಡುವ ದಾರಿ ಸಣ್ಣದು. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮಗಳ ಪ್ರಕಾರ ಮೊದಲ ದೂರು ಚಾನೆಲ್‌ಗೇ ಹೋಗಬೇಕು. 24 ತಾಸಿನಲ್ಲಿ ಅದು ತಲುಪಿದೆ ಎಂದು ಚಾನೆಲ್ ತಿಳಿಸಬೇಕು, 15 ದಿನದಲ್ಲಿ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದೊಳಗೆ ಆ ಚಾನೆಲ್ ಸದಸ್ಯತ್ವ ಪಡೆದಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಅದರಾಚೆಗೆ ಕೇಂದ್ರ ಸರ್ಕಾರ. ಕಾರ್ಯಕ್ರಮದ ಹೆಸರು, ತಾರೀಖು, ಗಂಟೆ–ನಿಮಿಷ, ಆಡಿದ ಮಾತು ಇಷ್ಟನ್ನು ಅಂದೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. "ಅಂವ ಭಾಳ ಕೆಟ್ಟ ಮಾತಾಡಿದ" ಅಂತ ಬರೆದರೆ ಯಾರೂ ತೆರೆದು ನೋಡುವುದಿಲ್ಲ. ತಡವೂ ಮಾಡಬೇಡಿ: ಪ್ರಸಾರವಾದದ್ದರ ದಾಖಲೆಯನ್ನು ಚಾನೆಲ್ ಕಾಯ್ದಿಡಬೇಕಾದದ್ದು 90 ದಿನ ಮಾತ್ರ.